ಹೆಬ್ಬೆಟ್ಟಿಗೆ ಬಾಳೆನಾರು ಕಟ್ಟುವ ಶೇಷಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲ್ಲುಹಿತ್ಲಿನ ಶಾಲೆಯ ಎದುರು ಮೂರು ಕಲ್ಲಿಟ್ಟು ಹೂಡಿದ ಒಲೆಯ ಮೇಲೆ ಒಂದು ಚರಿಗೆ ನೀರು ಕಾಯುತ್ತಿದೆ. ಅದರ ಪಕ್ಕದಲ್ಲಿ ಖಾಕಿ ಅಂಗಿಯ ತೋಳು ಮಡಚಿಕೊಂಡು ಕುಕ್ಕುರುಗಾಲಲ್ಲಿ ಕೂತವರು ಶೇಷಪ್ಪ. ನೆನೆಸಿದ ಬಾಳೆಪಟ್ಟೆಯನ್ನು ಉಗುರಿನಿಂದ ಸೀಳಿ, ಗೇಣುದ್ದದ ನಾರು ತೆಗೆದು, ಜಗುಲಿಯ ಅಂಚಿನಲ್ಲಿ ಒಂದೊಂದಾಗಿ ಸಾಲಿಡುತ್ತಿದ್ದಾರೆ. ನೋಡಿದವರು ಹೂ ಕಟ್ಟಲು ಕೂತಿದ್ದಾರೆ ಎಂದುಕೊಳ್ಳಬೇಕು, ಆದರೆ ಹೂವಿನ ಸುಳಿವೇ ಇಲ್ಲ. ಪಕ್ಕದಲ್ಲಿರುವುದು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಇಂಕ್ ಪ್ಯಾಡು, ಹಳೆಯ ಪಂಚೆಯ ಚೂರುಗಳು, ಪುಟ್ಟ ಶೀಸೆಯಲ್ಲಿ ಕೊಬ್ಬರಿ ಎಣ್ಣೆ, ಪೊಟ್ಟಣ ಕಟ್ಟಿದ ಸೀಗೆಪುಡಿ.

ನಾರು ಎಣಿಸಿದರೆ ಹತ್ತೊಂಬತ್ತು. ಹದಿನೆಂಟನ್ನು ಒಟ್ಟಿಗೆ ಹಿಡಿದು ಜೇಬಿಗೆ ಇಳಿಸುತ್ತಾರೆ. ಹತ್ತೊಂಬತ್ತನೆಯದನ್ನು ಮಾತ್ರ ಬೇರೆಯಾಗಿ, ಅಂಗಿಯ ಮೇಲಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಕೆರಿಯಮ್ಮನದು. ಅವರ ಹೆಬ್ಬೆಟ್ಟು ಈ ಮಾರ್ಚ್ ಮೂವತ್ತೊಂದರೊಳಗೆ ಕಾಗದದ ಮೇಲೆ ಬೀಳದಿದ್ದರೆ ಇನ್ನೂರೈವತ್ತು ರೂಪಾಯಿ ಎರಡನೆಯ ಸಲ ಸರ್ಕಾರಕ್ಕೆ ವಾಪಸಾಗುತ್ತದೆ. ಎರಡು ಸಲ ಹೇಳಿಕಳಿಸಿದ್ದಾಯಿತು, ಆ ತಾಯಿ ಬರಲಿಲ್ಲ. ಇವತ್ತು ಶೇಷಪ್ಪನವರೇ ಬಂದಿದ್ದಾರೆ. ಬಂದದ್ದು ಬರೀ ಹೆಬ್ಬೆಟ್ಟಿಗಲ್ಲ. ಮೂರು ವರ್ಷದಿಂದ ಆಕೆಗೆ ಹೇಳಬೇಕಾದ ಒಂದು ಮಾತು ಅವರ ಬಳಿ ಹಾಗೇ ಉಳಿದಿದೆ.

ಶೇಷಪ್ಪ ಹೊಸನಗರ ಸೀಮೆಯ ಒಂದು ಸರ್ಕಾರಿ ಕಚೇರಿಯ ಜವಾನರು. ಯಾವ ಕಚೇರಿ ಎಂದು ಬರೆಯುವುದು ಬೇಡವೆಂದು ಕೇಳಿಕೊಂಡಿದ್ದಾರೆ. ಸಾಹೇಬರಿಗೆ ಬೇಜಾರಾದೀತೆಂಬ ಅಂಜಿಕೆ. ಬಾವಿ ತೋಡಿಸಲು, ಗೊಬ್ಬರದ ಗುಂಡಿ ಕಟ್ಟಿಸಲು, ಒಳ್ಳೆಯ ಬಿತ್ತನೆ ಭತ್ತ ಕೊಳ್ಳಲು ಸರ್ಕಾರ ರೈತರಿಗೆ ಸಹಾಯಧನ ಕೊಡುತ್ತದಲ್ಲ, ಅದನ್ನು ಹಳ್ಳಿಗೆ ಬಂದು ಹಂಚುವ ದಿನ ಸಾಹೇಬರಿಗೆ ಕುರ್ಚಿಯಿದೆ, ಗುಮಾಸ್ತರಿಗೆ ಮೇಜಿದೆ. ಶೇಷಪ್ಪನವರಿಗೆ ನೆಲ. ನೆಲದ ಮೇಲೆ ಕೂತು ಅವರು ಮಾಡುವ ಕೆಲಸ ಒಂದೇ: ಓದುಬರಹ ಬಾರದವರ ಹೆಬ್ಬೆಟ್ಟು ಕಾಗದದ ಮೇಲೆ ಗೆರೆಗೆರೆಯಾಗಿ ಮೂಡುವಂತೆ ನೋಡಿಕೊಳ್ಳುವುದು.

ಹೆಬ್ಬೆಟ್ಟು ಒತ್ತುವುದೂ ಒಂದು ಕೆಲಸವೇ ಎಂದು ಕೇಳುವವರು ಒಂದು ದಿನ ಅವರ ಪಕ್ಕ ಕೂತು ನೋಡಬೇಕು. ಪೇಟೆಯವರ ಹೆಬ್ಬೆರಳಿನಲ್ಲಿ ಗೆರೆ ಇರುತ್ತದೆ. ಗದ್ದೆ ಕೆಲಸದವರಲ್ಲಿ ಅದು ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳಿಗೆ ಕರೆ ಹತ್ತಿರುತ್ತದೆ. ನಟ್ಟಿಯ ಕಾಲದಲ್ಲಿ ಚರ್ಮ ನೆನೆದು ಮುದುರಿರುತ್ತದೆ. ಪಾತ್ರೆಗೆ ಬೂದಿ ಹಾಕಿ ತಿಕ್ಕುವ ಹೆಂಗಸರ ಬೆರಳು ನುಣುಪಾದ ಹೊಳೆಗಲ್ಲಿನ ಹಾಗೆ. ಶೇಷಪ್ಪ ಮೊದಲು ಬೆರಳನ್ನು ಬಿಸಿನೀರಲ್ಲಿ ನೆನೆಸುತ್ತಾರೆ, ಸೀಗೆಯಲ್ಲಿ ತಿಕ್ಕುತ್ತಾರೆ, ಒಂದೇ ಒಂದು ತೊಟ್ಟು ಎಣ್ಣೆ ಸವರಿ ಒರೆಸಿ ತೆಗೆಯುತ್ತಾರೆ. ಆಮೇಲೆ ಶಾಯಿ. ಒತ್ತುವಾಗ ಬೆರಳನ್ನು ಅದುಮುವುದಿಲ್ಲ, ತೊಟ್ಟಿಲು ತೂಗುವ ಹಾಗೆ ಆ ಕಡೆಯಿಂದ ಈ ಕಡೆಗೆ ಒಮ್ಮೆ ಉರುಳಿಸುತ್ತಾರೆ.

"ಅದುಮಿದ್ರೆ ಮಸಿ ಕಲೆ ಆಗ್ತದೆ ಅಷ್ಟೆ," ಎನ್ನುತ್ತಾರೆ ಅವರು. "ಮನುಷ್ಯ ಬರಾದಿಲ್ಲ ಕಾಗದದ ಮೇಲೆ. ಮಸಿ ಕಲೆಗೆ ಸರ್ಕಾರ ದುಡ್ಡು ಕೊಡ್ತದಾ?"

ಕಳೆದ ವರ್ಷ ಈ ಕೈಯಲ್ಲಿ ನಾನೂರ ಹನ್ನೆರಡು ಹೆಬ್ಬೆಟ್ಟು ಹಾದುಹೋಗಿವೆ. ಒಂದೂ ಮೇಲಿನ ಕಚೇರಿಯಿಂದ ತಿರುಗಿ ಬಂದಿಲ್ಲ. ಸಿಬ್ಬಂದಿಯ ದಕ್ಷತೆ ಎಂದು ವರ್ಷದ ವರದಿಯಲ್ಲಿ ಒಂದು ಸಾಲು ಬಂತಂತೆ. ಸಿಬ್ಬಂದಿ ಎಂದರೆ ಯಾರೆಂದು ವರದಿಯಲ್ಲಿ ಇರಲಿಲ್ಲ. ಸಂಬಳ ತಿಂಗಳಿಗೆ ತೊಂಬತ್ತು ಚಿಲ್ಲರೆ. ಬಸ್ಸು ಇಳಿದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡಿಗೆ. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು, ಕಚೇರಿಗೆ ನೀರು ಹೊರುವ ಕೆಲಸಕ್ಕೆ ಸೇರಿದವರಿಗೆ ಈಗ ಐವತ್ತೆರಡು. ಹೆಂಡತಿ ವರದಮ್ಮನಿಗೆ ಮಂಡಿನೋವು. ಒಬ್ಬಳೇ ಮಗಳು ಸರೋಜಳನ್ನು ಸಾಗರಕ್ಕೆ ಕೊಟ್ಟಿದ್ದಾರೆ.

ಇನ್ನು ಬಾಳೆನಾರಿನ ವಿಷಯ. ಅದು ಯಾವ ಸರ್ಕಾರಿ ಸುತ್ತೋಲೆಯಲ್ಲೂ ಇಲ್ಲ. ಹಣ ಹಂಚುವ ದಿನ ಬೆಳಿಗ್ಗೆ ಶೇಷಪ್ಪ ಪಟ್ಟಿಯಲ್ಲಿರುವ ಪ್ರತಿ ಮನೆಗೂ ಹೋಗಿ, ಯಜಮಾನರ ಎಡಗೈ ಹೆಬ್ಬೆಟ್ಟಿಗೆ ಒಂದು ನಾರು ಕಟ್ಟಿ, ಮೇಜಿನ ಮುಂದೆ ಬಂದಾಗ ಈ ಬೆರಳನ್ನೇ ಚಾಚಬೇಕು ಎಂದು ಹೇಳಿ ಬರುತ್ತಾರೆ. ಶೇಷಪ್ಪಗೌಡರು ಊರಿಗೆಲ್ಲ ಕಂಕಣ ಕಟ್ಟುತ್ತಿದ್ದಾರೆ, ಹೆಣ್ಣು ಎಲ್ಲಿದೆಯೋ ಎಂದು ಜನ ತಮಾಷೆ ಮಾಡುವುದುಂಟು. ಆದರೂ ಕಟ್ಟಿಸಿಕೊಳ್ಳುತ್ತಾರೆ. ಈಚೆಗೆ ಕೆಲವರು ನಾರು ಕಟ್ಟಿದರೆ ಎಡಗೈಯ ದೋಷ ಕಳೆಯುತ್ತದೆಂದೂ ನಂಬಿದ್ದಾರೆ. ಶೇಷಪ್ಪ ಅದನ್ನು ತಿದ್ದಲು ಹೋಗಿಲ್ಲ.

ಎಡಗೈಗೆ ದೋಷವೇನು ಎಂದು ನಮ್ಮ ಕಡೆಯವರು ಕೇಳಲಾರರು. ದೇವರ ಪ್ರಸಾದವಿರಲಿ, ಬಿತ್ತುವ ಬೀಜವಿರಲಿ, ನಾಲ್ಕಾಣೆ ಕೂಲಿಯಿರಲಿ, ಎಡಗೈಯಲ್ಲಿ ಕೊಟ್ಟರೆ ಕೊಟ್ಟವರಿಗೆ ಮರ್ಯಾದೆಯಿಲ್ಲ, ತೆಗೆದುಕೊಂಡವರಿಗೆ ಏಳಿಗೆಯಿಲ್ಲ. ಕಚೇರಿಯ ನಿಯಮ ಮಾತ್ರ ಎಡಗೈ ಹೆಬ್ಬೆಟ್ಟು. ಬರೆದವರು ಯಾರೋ, ಅವರು ಕಲ್ಲುಹಿತ್ಲಿಗೆ ಬಂದವರಲ್ಲ. ದುಡ್ಡಿನ ಕಾಗದಕ್ಕೆ ಎಡಗೈ ಕೊಡು ಎಂದರೆ ರೈತನಾದವನು ಹೂಂ ಎನ್ನುತ್ತಾನೆ, ಕೈ ಬಂದಾಗ ಬಲಗೈಯೇ ಬರುತ್ತದೆ.

ಗಾಮಪ್ಪನದ್ದೂ ಬಂದದ್ದು ಬಲಗೈಯೇ.

ಗಾಮಪ್ಪ ಕೆರಿಯಮ್ಮನ ಗಂಡ. ಶರಾವತಿಯ ಹಿನ್ನೀರಿನಲ್ಲಿ ಗದ್ದೆ ಮನೆ ಮುಳುಗಿದ ಮೇಲೆ, ಇನ್ನೂ ಇಪ್ಪತ್ತು ಮನೆಗಳವರ ಜೊತೆ ಅವರಿಗೂ ಇಲ್ಲಿ ಕಾಡಂಚಿನ ಜಾಗ ಸಿಕ್ಕಿತು. ಊರು ಬಿಟ್ಟದ್ದು ನೀರು ಹೆಚ್ಚಾಗಿ, ಬಂದು ಸೇರಿದ ಜಾಗದಲ್ಲಿ ಕುಡಿಯಲು ನೀರಿಲ್ಲ. ಮುಕ್ಕಾಲು ಮೈಲಿ ದೂರದ ಹಳ್ಳದಿಂದ ಕೆರಿಯಮ್ಮನೂ ಮಗಳು ಜಲಜಳೂ ಕೊಡ ಹೊರಬೇಕಾಯಿತು. ಗಾಮಪ್ಪ ಬಾವಿಯ ಸಹಾಯಧನಕ್ಕೆ ಅರ್ಜಿ ಹಾಕಿದರು. ಐನೂರು ರೂಪಾಯಿ, ಎರಡು ಕಂತು. ಮೊದಲನೆಯದು ತೋಡಲು ಶುರುಮಾಡಿದಾಗ, ಎರಡನೆಯದು ತೋಡಿ ಮುಗಿಸಿದಾಗ, ಸುತ್ತ ಕಲ್ಲು ಕಟ್ಟಿಸುವುದಕ್ಕೆ. ಮೊದಲ ಕಂತಿನ ದಿನ ಗುಮಾಸ್ತರು ಗಾಮಪ್ಪನ ಎಡಗೈ ಹಿಡಿದೆಳೆದು ಒತ್ತಿಸಿದ್ದರು. ಆ ಹೆಬ್ಬೆಟ್ಟಿನ ಮೇಲೆ ಅಡ್ಡಕ್ಕೆ ಕತ್ತಿಯ ಹಳೆಯ ಗಾಯ. ಕಾಗದದ ಮೇಲೂ ಆ ಗಾಯ ಬಿಳಿ ಗೀಟಾಗಿ ಬಿತ್ತು.

ಮೂವತ್ತಡಿ ತೋಡಿದಾಗ ನೀರು ಕಂಡಿತು. ಓವರ್‌ಸಿಯರ್ ಬಂದು ಅಳೆದುಕೊಂಡು ಹೋದರು. ಅರವತ್ತನಾಲ್ಕನೆಯ ಇಸವಿಯ ಫೆಬ್ರವರಿಯಲ್ಲಿ ಎರಡನೆಯ ಕಂತಿನ ರಸೀದಿಗೆ ಮುಂಚಿತವಾಗಿ ಹೆಬ್ಬೆಟ್ಟು ಹಾಕಿಸಿ ತರಲು ಕಚೇರಿಯವರು ಶೇಷಪ್ಪನವರೊಬ್ಬರನ್ನೇ ಕಳಿಸಿದರು. ಅಂದು ಹನ್ನೊಂದು ಮನೆ ಸುತ್ತಬೇಕಿತ್ತು. ಗಾಮಪ್ಪ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಭಕ್ತಿಯಿಂದ ಬಲಗೈ ಚಾಚಿದರು. ಶೇಷಪ್ಪ ಅದನ್ನೇ ಹಿಡಿದು ಒತ್ತಿಸಿದರು.

"ನಾನು ನೋಡ್ಲಿಲ್ಲ ಅಂತಲ್ಲ," ಎಂದು ಶೇಷಪ್ಪ ನೆಲ ನೋಡುತ್ತ ಹೇಳುತ್ತಾರೆ. "ನೋಡ್ದೆ. ಬಲಗೈ ಕೊಟ್ಟ, ಒಳ್ಳೇದೇ ಆತು ಅಂದ್ಕಂಡೆ. ನಾನೂ ಅದೇ ಊರ್ ಕಡೆ ಮನುಷ್ಯ ಅಲ್ದಾ?"

ಬಲಗೈ ಹೆಬ್ಬೆಟ್ಟಿಗೆ ಗಾಯವಿರಲಿಲ್ಲ. ಮೇಲಿನ ಕಚೇರಿಯಲ್ಲಿ ಯಾರೋ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. ಒಂದರಲ್ಲಿ ಗೀಟು ಇದೆ, ಇನ್ನೊಂದರಲ್ಲಿ ಇಲ್ಲ. ಬೇರೆ ಯಾರೋ ಗಾಮಪ್ಪನ ಹೆಸರಲ್ಲಿ ದುಡ್ಡು ಹೊಡೆಯಲು ನೋಡಿದ್ದಾರೆ, ವಿಚಾರಣೆ ನಡೆಸಿ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಅದು ತಿರುಗಿ ಬರುವ ಹೊತ್ತಿಗೆ ಏಪ್ರಿಲ್. ಹಳೆಯ ವರ್ಷದ ಹಣ ವಾಪಸು ಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ಸಿದ್ಧನಿದ್ದ, ಕೈ ತಪ್ಪಿತು ಅಷ್ಟೇ.

ಗಾಮಪ್ಪ ನಾಲ್ಕು ಸಲ ಕಚೇರಿಗೆ ಬಂದರು. ನಾನೇ ಗಾಮಪ್ಪ ಎಂದು ಹೇಳಿದರು. ಅದನ್ನು ತೋರಿಸಲು ಮತ್ತೆ ಬಲಗೈಯನ್ನೇ ಚಾಚಿದರಂತೆ. ವಿಚಾರಣೆ ನಡೆಯುವವರೆಗೆ ಸುಮ್ಮನಿರಲು ಹೇಳಿ ಕಳಿಸಿದರು. ಮಳೆಗಾಲಕ್ಕೆ ಕಾಯಲು ಹೇಳುವವರು ಯಾರೂ ಇರಲಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಕಲ್ಲು ಕಟ್ಟದ ಬಾವಿಯ ಮಗ್ಗುಲು ಕಳಚತೊಡಗಿತು. ಇದ್ದಬದ್ದ ಕಲ್ಲನ್ನಾದರೂ ಆನಿಸಿ ನಿಲ್ಲಿಸೋಣವೆಂದು ಗಾಮಪ್ಪ ಒಂದು ಮಧ್ಯಾಹ್ನ ಕೆಳಗಿಳಿದರು. ಮೇಲಿನ ಮಣ್ಣು ಅವರ ಮೇಲೆ ಬಿತ್ತು. ತೆಗೆಯಲು ಊರವರಿಗೆ ಮರುದಿನ ಸಂಜೆಯವರೆಗೆ ಹಿಡಿಯಿತು.

ಸುದ್ದಿ ಕಚೇರಿಗೆ ಬಂದ ದಿನ ಶೇಷಪ್ಪ ಊಟ ಮಾಡಲಿಲ್ಲ. ತಪ್ಪು ಯಾರದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಹಗುರಾಗುತ್ತಿತ್ತು ಎನ್ನುತ್ತಾರೆ. ಮಣ್ಣು ಕುಸಿದು ಸಾವು ಎಂದು ಕಾಗದ ಮುಗಿಯಿತು. ವಿಚಾರಣೆ, ಪಂಚನಾಮೆ, ವಾರಸುದಾರರ ಪತ್ರ ಎಂದೆಲ್ಲ ಸುತ್ತಿ, ತೋಡಿದ ಅಳತೆ ಮೊದಲೇ ಪುಸ್ತಕಕ್ಕೆ ಹತ್ತಿದ್ದರಿಂದ ಎರಡನೆಯ ಕಂತು ಹೆಂಡತಿಗೆ ಸಲ್ಲಬೇಕೆಂದು ಆಜ್ಞೆ ಆಗಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಶೇಷಪ್ಪ ನಾರು ಕಟ್ಟುವುದನ್ನು ಶುರುಮಾಡಿದ್ದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಆದರೆ ಆ ಮೇಲೆ ಆ ಬಾಗಿಲಿನಿಂದ ಯಾರೂ ಒಳನುಗ್ಗಿಲ್ಲ ಎಂಬುದನ್ನು ಹೇಳಬೇಕಾದವರು ನಾವು.

ಬೆಳಕು ಹರಿದಿದೆ. ಶೇಷಪ್ಪ ಹದಿನೆಂಟು ಮನೆ ಸುತ್ತಿ ಹದಿನೆಂಟು ನಾರು ಕಟ್ಟಿ ಮುಗಿಸುತ್ತಾರೆ. ಕೆರಿಯಮ್ಮನ ಮನೆ ಕೇರಿಯ ಮೊದಲಿಗೇ ಇದ್ದರೂ ಅಲ್ಲಿಗೆ ಕೊನೆಯಲ್ಲಿ ಹೋಗುತ್ತಾರೆ. ಮನೆಯ ಹಿಂದೆ ಮುಳ್ಳಿನ ಬೇಲಿ ಸುತ್ತಿದ ಗುಂಡಿ. ಅದರತ್ತ ನೋಡದೆ ಅಂಗಳ ದಾಟುತ್ತಾರೆ.

ಕೆರಿಯಮ್ಮ ಬಾಗಿಲಲ್ಲೇ ಕೂತಿದ್ದಾರೆ. ವಯಸ್ಸು ನಲವತ್ತರ ಆಸುಪಾಸು, ನೋಡಿದರೆ ಹೆಚ್ಚು ಕಾಣುತ್ತದೆ. ಗಂಡ ಹೋದ ಮೇಲೆ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುತ್ತಾರೆ. ಮಣೆ ಹಾಕುತ್ತಾರೆ, ಬೆಲ್ಲ ನೀರು ತಂದಿಡುತ್ತಾರೆ. ನೀರು ಇನ್ನೂ ಹಳ್ಳದ್ದೇ. ಶೇಷಪ್ಪ ಕುಡಿಯುವುದಿಲ್ಲ. ಕಿಸೆಯಿಂದ ನಾರು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಇರುತ್ತಾರೆ. ಯಾವ ಕೈ ಕೊಡಲಿ ಎಂದು ಕೆರಿಯಮ್ಮನೇ ಕೇಳುತ್ತಾರೆ.

"ಎಡಗೈ, ಕೆರಿಯಕ್ಕ," ಎಂದು ಶೇಷಪ್ಪ ಶುರುಮಾಡುತ್ತಾರೆ. "ಅವತ್ತು ಗಾಮಪ್ಪ ಬಲಗೈ ಕೊಟ್ಟಿದ್ದ. ನಾನೇ ಹಿಡ್ದು ಒತ್ಸಿದ್ದು. ಅದಕ್ಕೇ ದುಡ್ಡು ನಿಂತಿದ್ದು, ಬೇರೆ ಯಾತಕ್ಕೂ ಅಲ್ಲ. ಅವನು ಸುಳ್ಳ ಅಲ್ಲ, ಮೋಸಗಾರ ಅಲ್ಲ. ತಪ್ಪು ನಂದು. ನಿಮಗೆ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ."

ಒಳಗೆ ಜಲಜ ರೊಟ್ಟಿ ತಟ್ಟುವ ಸದ್ದು ನಿಲ್ಲುತ್ತದೆ.  ಕೆರಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

"ಬಲಗೈ ಕೊಡಿ ಅಂತ ಹೇಳಿದ್ದೇ ನಾನು, ಗೌಡ್ರೇ," ಎನ್ನುತ್ತಾರೆ ಕೊನೆಗೆ. "ಮೊದಲ ಸಲ ಎಡಗೈ ಒತ್ತಿ ದುಡ್ಡು ತಂದಾಗ ಬೈದಿದ್ದೆ. ಲಕ್ಷ್ಮಿನ ಯಾರಾದ್ರೂ ಎಡಗೈಯಲ್ಲಿ ಕರೀತಾರಾ, ಇನ್ನೊಂದು ಸಲ ಬಲಗೈನೇ ಕೊಡಿ ಅಂತ. ಕೊಟ್ಟು ಬಂದು ನನಗೆ ಹೇಳಿದ್ರು, ನೀ ಹೇಳ್ದಂಗೇ ಮಾಡ್ದೆ ಅಂತ. ಆಮೇಲೆ ಊರಲ್ಲಿ ನೀವು ಎಲ್ರಿಗೂ ಎಡಗೈಗೆ ನಾರು ಕಟ್ಟಾದು ನೋಡ್ದೆ. ಅವತ್ತೇ ತಿಳೀತು ನನಗೆ."

ಎರಡು ಸಲ ಹೇಳಿಕಳಿಸಿದರೂ ಆಕೆ ಬಾರದಿದ್ದದ್ದು ಕಚೇರಿಯ ಮೇಲಿನ ಸಿಟ್ಟಿನಿಂದಲ್ಲ. ಅಷ್ಟು ದಿನ ಶೇಷಪ್ಪ ಹಾಗೆಂದೇ ನಂಬಿದ್ದರು. ಅವರಿಗೆ ಆಕೆಯ ಮುಖ ನೋಡುವ ಧೈರ್ಯವಿರಲಿಲ್ಲ, ಆಕೆಗೆ ಅವರದು. ಒಂದೇ ಹೊರೆಯನ್ನು ಇಬ್ಬರೂ ಮೂರು ವರ್ಷ ಬೇರೆಬೇರೆಯಾಗಿ ಹೊತ್ತಿದ್ದಾರೆ.   ಶೇಷಪ್ಪ ಆಕೆಯ ಎಡಗೈ ಹೆಬ್ಬೆಟ್ಟಿಗೆ ನಾರು ಸುತ್ತುತ್ತಾರೆ. ಗಂಟು ಬಿಗಿಯಲು ಅವರಿಗೆ ಎರಡು ಸಲ ಬೇಕಾಗುತ್ತದೆ. ಆಮೇಲೆ ಬೆಲ್ಲ ನೀರು ಕುಡಿದು ಏಳುತ್ತಾರೆ.

ಹತ್ತು ಗಂಟೆಗೆ ಗುಮಾಸ್ತ ಗಣೇಶಮೂರ್ತಿಯವರು ಹಣದ ಚೀಲದೊಂದಿಗೆ ಬಂದು ಶಾಲೆಯ ಮೇಜಿಗೆ ಕೂರುತ್ತಾರೆ. ಹದಿನೆಂಟು ಮಂದಿ ನಾರು ಕಟ್ಟಿದ ಬೆರಳು ಚಾಚಿ, ಒತ್ತಿ, ಎಣಿಸಿಕೊಂಡು ಹೋಗುತ್ತಾರೆ. ಹತ್ತೊಂಬತ್ತನೆಯವರು ಕೆರಿಯಮ್ಮ. ಜಲ್ಲಿ ಒಡೆದು ಒಡೆದು ಬೆರಳಿನ ಗೆರೆಯೆಲ್ಲ ಮಾಸಿಹೋಗಿದೆ. ಶೇಷಪ್ಪ ನೆನೆಸುತ್ತಾರೆ, ತಿಕ್ಕುತ್ತಾರೆ, ಹಾಳು ಕಾಗದದ ಮೇಲೆ ಒತ್ತಿ ನೋಡುತ್ತಾರೆ. ಮಸಿ ಕಲೆ. ಇನ್ನೊಮ್ಮೆ. ಮತ್ತೆ ಕಲೆ. ಬಸ್ಸಿಗೆ ಹೊತ್ತಾಯಿತೆಂದು, ಹೇಗೋ ಒಂದು ಒತ್ತಿಸಿ ಮುಗಿಸಬಾರದೇ ಎಂದು ಗಣೇಶಮೂರ್ತಿಯವರು ಗಡಿಯಾರ ನೋಡುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ಗುಮಾಸ್ತರಿಗೆ ಎದುರು ಮಾತಾಡದ ಶೇಷಪ್ಪ, ಬಸ್ಸು ಹೋದರೆ ಹೋಗಲಿ, ನಡೆದು ಹೋಗೋಣ ಎನ್ನುತ್ತಾರೆ. ಮತ್ತೆ ನೀರು ಕಾಯಿಸುತ್ತಾರೆ. ಬೆರಳನ್ನು ತಮ್ಮ ಅಂಗೈಯಲ್ಲಿ ಹಿಡಿದು, ನೋಯದ ಹಾಗೆ, ಬಟ್ಟೆಯಲ್ಲಿ ಒತ್ತಿ ಒರೆಸುತ್ತಾರೆ. ಐದನೆಯ ಸಲಕ್ಕೆ ಹಾಳು ಕಾಗದದ ಮೇಲೆ ಸಣ್ಣ ಸಣ್ಣ ಗೆರೆ ಕಾಣಿಸುತ್ತದೆ. ಆಗ ರಸೀದಿ ಎಳೆದುಕೊಳ್ಳುತ್ತಾರೆ.

ಮೂಡಿದ ಗುರುತನ್ನು ಕೆರಿಯಮ್ಮ ಬಗ್ಗಿ ನೋಡಿ, ಇದು ಸರಿ ಬಂತೇ, ಇನ್ನು ತಿರುಗಿ ಬರುವುದಿಲ್ಲವೇ ಎಂದು ಕೇಳುತ್ತಾರೆ. ಬರುವುದಿಲ್ಲ ಎನ್ನುತ್ತಾರೆ ಶೇಷಪ್ಪ. ಆಕೆ ಹಣವನ್ನು ಬಲಗೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಬಾವಿಯ ಬಾಬ್ತು ಎಂದು ರಸೀದಿಯಲ್ಲಿದೆಯಲ್ಲ, ಏನು ಮಾಡಿಸುತ್ತೀರಿ ಎಂದು ಗಣೇಶಮೂರ್ತಿಯವರು ಪದ್ಧತಿಯಂತೆ ವಿಚಾರಿಸುತ್ತಾರೆ.

"ಆ ಗುಂಡಿ ಮುಚ್ಚಿಸ್ತೀನಿ," ಎನ್ನುತ್ತಾರೆ ಕೆರಿಯಮ್ಮ.

ಗುಮಾಸ್ತರು ಲೇಖನಿ ಎತ್ತುತ್ತಾರೆ, ಬರೆಯದೆ ಕೆಳಗಿಡುತ್ತಾರೆ.

ಬಸ್ಸು ತಪ್ಪಿದೆ. ಗುಮಾಸ್ತರು ಮುಂದೆ ಬಿರುಸಾಗಿ ನಡೆಯುತ್ತಿದ್ದಾರೆ, ಶೇಷಪ್ಪ ಪೆಟ್ಟಿಗೆ ಹೊತ್ತು ಹಿಂದೆ. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಆಮೇಲೆ ನಾರು ಯಾರು ಕಟ್ಟುತ್ತಾರೆ ಎಂಬುದೊಂದೇ ಚಿಂತೆ. ಅರ್ಜಿಯ ಫಾರಮಿನ ಮೂಲೆಯಲ್ಲಿ ಒಂದು ಎಡಗೈಯ ಚಿತ್ರ ಅಚ್ಚು ಹಾಕಿಸಿ, ಓದಲು ಬಾರದವರಿಗೂ ತಿಳಿಯುತ್ತದೆ ಎಂದು ಮೂವರು ಸಾಹೇಬರಲ್ಲಿ ಕೇಳಿದ್ದಾರೆ. ಒಬ್ಬರು ನಕ್ಕರು, ಒಬ್ಬರು ನೋಡೋಣ ಎಂದರು, ಇನ್ನೊಬ್ಬರಿಗೆ ವರ್ಗವಾಯಿತು.

ಪತ್ರಿಕೆಯ ಈ ಪುರವಣಿಗೆ ಅವರದೊಂದು ಫೋಟೋ ಬೇಕಿತ್ತು, ಕೇಳಿದೆವು. ಶೇಷಪ್ಪ ನಿಂತು, ಪೆಟ್ಟಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸಿ, ತಲೆಯಾಡಿಸುತ್ತಾರೆ.

"ನನ್ ಮುಖ ಯಾತಕ್ರೀ? ಆ ಜಾಗದಲ್ಲಿ ಒಂದು ಎಡಗೈ ಚಿತ್ರ ಹಾಕಿ, ಹೆಬ್ಬೆಟ್ಟು ಚೆನ್ನಾಗಿ ಕಾಣೋಹಂಗೆ. ಯಾರಾದ್ರೂ ಕತ್ತರಿಸಿ ಗೋಡೆಗೆ ಅಂಟಿಸ್ಕಂಬ್ಲಿ."